ಪ್ಯಾಪ್ ಮಾಡಿಸಲೇ, ಎಚ್‌ಪಿವಿ ಮಾಡಿಸಲೇ? ಸ್ಲೈಡ್ ನೋಡಿಯೇ ಅನ್ನ ಉಂಡವಳ ಸಲಹೆ

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮಗೆ ಮೂವತ್ತು ತುಂಬಿದೆ, ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರಿಗಾಗಿ ಈವರೆಗೆ ಒಂದು ತಪಾಸಣೆಯನ್ನೂ ಮಾಡಿಸಿಲ್ಲ ಎಂದಾದರೆ, ಆ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಡಿಎನ್‌ಎ ಟೆಸ್ಟ್ ಮಾಡಿಸಿ. ಅದು ನಿಮ್ಮೂರಿನಲ್ಲಿ ಸಿಗದಿದ್ದರೆ, ಅಥವಾ ಅಷ್ಟು ದುಡ್ಡು ಹೊಂದದಿದ್ದರೆ, ಜೀವಕೋಶ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಮಾಡಿಸಿ. ಆದರೆ ಪ್ಯಾಪ್ ಆರಿಸಿಕೊಂಡವರು ಮೂರು ವರ್ಷಕ್ಕೊಮ್ಮೆ ತಪ್ಪದೆ ಮತ್ತೆ ಮಾಡಿಸಬೇಕು, ಅದು ಕರಾರು. ಎರಡೂ ಆಗದು ಎನ್ನುವವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡುವ ವಿಐಎ ತಪಾಸಣೆಗಾದರೂ ಹೋಗಿ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಏನೂ ಮಾಡಿಸದೆ ಕೂರುವುದೊಂದನ್ನು ಬಿಟ್ಟು ಬೇರೆ ಯಾವುದಾದರೂ ಸರಿ.

ನಾನು ಹುಬ್ಬಳ್ಳಿಯವಳು. ಸೈಟಾಲಜಿ ಟೆಕ್ನಿಷಿಯನ್ ಆಗಿ ವೃತ್ತಿಯೆಲ್ಲ ಸೂಕ್ಷ್ಮದರ್ಶಕದ ಮುಂದೆ ಕಳೆದವಳು. ಪ್ಯಾಪ್ ಸ್ಲೈಡಿಗೆ ಬಣ್ಣ ಹಾಕುವುದು, ಕಣ್ಣಿಟ್ಟು ಓದುವುದು, ಅನುಮಾನ ಬಂದ ಜಾಗಕ್ಕೆ ಶಾಯಿಯ ಚುಕ್ಕೆ ಇಟ್ಟು ಪೆಥಾಲಜಿಸ್ಟರ ಮುಂದಿಡುವುದು ನನ್ನ ಕೆಲಸವಾಗಿತ್ತು. ಪ್ಯಾಪ್ ನನಗೆ ಅನ್ನ ಕೊಟ್ಟ ಪರೀಕ್ಷೆ, ಅದರ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೂ ಮೂವತ್ತು ದಾಟಿದವರಿಗೆ ವೈರಸ್ ಟೆಸ್ಟನ್ನೇ ಮೊದಲು ಹೇಳುತ್ತೇನೆ. ಏಕೆಂದು ತಿಳಿದುಕೊಂಡು ಹೋದರೆ ವೈದ್ಯರ ಮುಂದೆ ಕೂತಾಗ ನೀವೇ ಸರಿಯಾದ ಪ್ರಶ್ನೆ ಕೇಳಬಲ್ಲಿರಿ.

ಎರಡು ಪರೀಕ್ಷೆ, ಎರಡು ಬೇರೆ ಪ್ರಶ್ನೆ

ಗರ್ಭಕಂಠದ ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಎಚ್‌ಪಿವಿ ಎಂಬ ವೈರಸ್ಸಿನ ಕೆಲವು ಅಪಾಯದ ತಳಿಗಳು ಗರ್ಭಕಂಠದ ಜೀವಕೋಶಗಳೊಳಗೆ ಸೇರಿ, ವರ್ಷಗಟ್ಟಲೆ ಅಲ್ಲೇ ಉಳಿದುಬಿಟ್ಟರೆ, ಆ ಜೀವಕೋಶಗಳು ನಿಧಾನವಾಗಿ ಕೆಡುತ್ತವೆ. ಸೋಂಕು ತಗುಲಿ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಐದರಿಂದ ಹತ್ತೇ ವರ್ಷ ಸಾಕು. ಈ ಉದ್ದನೆಯ ಅವಧಿಯಲ್ಲಿ ಯಾವ ನೋವೂ ಇರುವುದಿಲ್ಲ, ಯಾವ ಲಕ್ಷಣವೂ ಕಾಣುವುದಿಲ್ಲ. "ಅಕ್ಕಾರ, ನನಗ ಏನೂ ತ್ರಾಸ ಇಲ್ಲ, ಮತ್ಯಾಕ ತಪಾಸಣೆ?" ಎಂದು ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ: ತ್ರಾಸ ಇಲ್ಲದಿರುವಾಗ ಮಾಡಿಸುವುದೇ ತಪಾಸಣೆ. ತ್ರಾಸ ಶುರುವಾದ ಮೇಲೆ ಮಾಡಿಸುವುದು ರೋಗ ಪತ್ತೆ.

ಎಚ್‌ಪಿವಿ ಟೆಸ್ಟ್ ಕೇಳುವುದು: ಅಪಾಯದ ವೈರಸ್ ಒಳಗಿದೆಯೇ? ಪ್ಯಾಪ್ ಕೇಳುವುದು: ಜೀವಕೋಶಗಳು ಈಗಾಗಲೇ ಕೆಟ್ಟಿವೆಯೇ? ಹೊಲದ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಮಣ್ಣಿನಲ್ಲಿ ಕಳೆಯ ಬೀಜ ಇದೆಯೇ ಎಂದು ನೋಡುತ್ತದೆ, ಎರಡನೆಯದು ಕಳೆ ಮೊಳೆತಿದೆಯೇ ಎಂದು ನೋಡುತ್ತದೆ. ಬೀಜವೇ ಇಲ್ಲದ ಹೊಲಕ್ಕೆ ಬಹಳ ದಿನ ಹೋಗದಿದ್ದರೂ ನಡೆಯುತ್ತದೆ. ಮೊಳಕೆ ಮಾತ್ರ ನೋಡುವವರು ಮೇಲಿಂದ ಮೇಲೆ ಹೋಗಿ ನೋಡುತ್ತಿರಬೇಕು. ಐದು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿಂದ.

ಪ್ಯಾಪ್: ಕಣ್ಣಿನ ಕೆಲಸ

ಗ್ರೀಸ್‌ನಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ದುಡಿದ ಜಾರ್ಜ್ ಪಾಪನಿಕೊಲಾವು ಈ ವಿಧಾನದ ಬಗ್ಗೆ 1928ರಲ್ಲೇ ಮಾತಾಡಿದ್ದರು. ವೈದ್ಯಲೋಕ ಕಿವಿಗೊಟ್ಟದ್ದು 1941ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ಅವರು ಬರೆದ ಲೇಖನದ ನಂತರ. ಅವರ ಹೆಂಡತಿ ಆಂಡ್ರೊಮಾಕೆ ಅದೇ ಲ್ಯಾಬಿನಲ್ಲಿ ದುಡಿದರು, ಗಂಡನ ಅಧ್ಯಯನಕ್ಕೆ ವರ್ಷಗಟ್ಟಲೆ ತಮ್ಮ ಮಾದರಿಯನ್ನೇ ಕೊಟ್ಟರು. ಪರೀಕ್ಷೆಗೆ ಗಂಡನ ಹೆಸರು ಉಳಿಯಿತು. ಆ ತಾಯಿಯ ಹೆಸರನ್ನೂ ನಾವು ನೆನೆಯಬೇಕು ಅನ್ನಿಸುತ್ತದೆ, ಅದಕ್ಕೇ ಬರೆದೆ.

ಪ್ಯಾಪ್‌ನಲ್ಲಿ ವೈದ್ಯರು ಒಳದಾರಿಯನ್ನು ಅಗಲಿಸುವ ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು ಗರ್ಭಕಂಠ ಕಾಣುವಂತೆ ಮಾಡಿಕೊಂಡು, ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದಲೂ ಸಣ್ಣ ಬ್ರಷ್‌ನಿಂದಲೂ ಮೇಲ್ಪದರದ ಜೀವಕೋಶಗಳನ್ನು ಕೆರೆದು ತೆಗೆಯುತ್ತಾರೆ. ಹಳೆಯ ಪದ್ಧತಿಯಲ್ಲಿ ಅದನ್ನು ಗಾಜಿನ ಸ್ಲೈಡಿಗೆ ಸವರಿ ಕೂಡಲೇ 95 ಶೇಕಡಾ ಆಲ್ಕೋಹಾಲಿನಲ್ಲಿ ಅದ್ದಬೇಕು. 'ಕೂಡಲೇ' ಎಂದರೆ ಕೂಡಲೇ. ಗಾಳಿಗೆ ಒಣಗಿದ ಸ್ಲೈಡಿನಲ್ಲಿ ಜೀವಕೋಶದ ನ್ಯೂಕ್ಲಿಯಸ್ ಊದಿಕೊಂಡು ಮಸುಕಾಗುತ್ತದೆ, ಕೆಟ್ಟದ್ದು ಯಾವುದು ಒಳ್ಳೆಯದು ಯಾವುದು ಎಂದು ಹೇಳಲಾಗುವುದಿಲ್ಲ. ಶಿಬಿರಗಳಿಂದ ಒಣಗಿ ಬಂದ ಸ್ಲೈಡುಗಳನ್ನು ಕಂಡು ನಾನು ಎಷ್ಟೋ ಸಲ ಸಂಕಟಪಟ್ಟಿದ್ದೇನೆ. ಆ ಹೆಂಗಸು ಕೂಲಿ ಬಿಟ್ಟು, ನಾಚಿಕೆ ನುಂಗಿಕೊಂಡು ಬಂದಿರುತ್ತಾಳೆ. ಅವಳ ಸ್ಲೈಡ್ ಓದಲು ಬಾರದಂತಾಗಿರುತ್ತದೆ.

ಚೆನ್ನಾಗಿ ಬಂದ ಸ್ಲೈಡ್ ನೋಡಲು ಚೆಂದ. ಮೇಲ್ಪದರದ ಜೀವಕೋಶಗಳು ತೆಳು ಗುಲಾಬಿ, ಅದರ ಕೆಳಗಿನವು ನೀಲಿಹಸಿರು. ಅಗಲವಾದ ಮೈ, ನಡುವೆ ಸಣ್ಣ ನ್ಯೂಕ್ಲಿಯಸ್. ವೈರಸ್ ಹೊಕ್ಕ ಜೀವಕೋಶದಲ್ಲಿ ನ್ಯೂಕ್ಲಿಯಸ್ಸಿನ ಸುತ್ತ ಬಿಳಿ ಪ್ರಭೆ ಕಾಣುತ್ತದೆ. ನಿಜವಾಗಿ ಭಯಪಡಬೇಕಾದ ಜೀವಕೋಶ ಚಿಕ್ಕದು: ಮೈಯೆಲ್ಲ ನ್ಯೂಕ್ಲಿಯಸ್ಸೇ ತುಂಬಿ, ಕಪ್ಪಾಗಿ, ಅಂಚು ಒರಟಾಗಿರುತ್ತದೆ. ಅಂಥವು ಒಂದು ಸ್ಲೈಡಿನಲ್ಲಿ ರಾಶಿ ಇರಬೇಕೆಂದಿಲ್ಲ, ಬೆರಳೆಣಿಕೆಯಷ್ಟು ಇದ್ದಾವು. ಹಳೆ ಪದ್ಧತಿಯ ಸ್ಲೈಡ್ ಓದಲು ಯೋಗ್ಯ ಎನ್ನಿಸಿಕೊಳ್ಳಲು ಕನಿಷ್ಠ 8,000 ಜೀವಕೋಶಗಳಾದರೂ ಬೇಕು. ಅವುಗಳ ನಡುವೆ, ರಕ್ತದ ಕಲೆಯಡಿ, ಕೀವಿನ ಕಣಗಳ ಗುಂಪಿನಡಿ ಅಡಗಿದ ಒಂದೆರಡನ್ನು ಹುಡುಕಬೇಕು. ಅಮೆರಿಕದ ಕಾನೂನು ಒಬ್ಬ ಟೆಕ್ನಿಷಿಯನ್ ಒಂದು ದಿನಕ್ಕೆ 100ಕ್ಕಿಂತ ಹೆಚ್ಚು ಸ್ಲೈಡ್ ನೋಡಬಾರದೆಂದು ಮಿತಿ ಹಾಕಿದೆ. ದಣಿದ ಕಣ್ಣು ಕೆಟ್ಟ ಜೀವಕೋಶವನ್ನು ತಪ್ಪಿಸಿಕೊಂಡು ಹೋಗಲು ಬಿಡುತ್ತದೆ ಎಂಬುದು ಅಲ್ಲಿಯವರಿಗೂ ಗೊತ್ತು.

ಇತ್ತೀಚೆಗೆ ಎಲ್‌ಬಿಸಿ ಎಂಬ ಸುಧಾರಿತ ಪ್ಯಾಪ್ ಬಂದಿದೆ. ಬ್ರಷ್ಷನ್ನು ಸ್ಲೈಡಿಗೆ ಸವರುವ ಬದಲು ದ್ರವ ತುಂಬಿದ ಸೀಸೆಯಲ್ಲಿ ಅದ್ದುತ್ತಾರೆ. ಲ್ಯಾಬಿನಲ್ಲಿ ರಕ್ತ, ಲೋಳೆಯನ್ನು ಬೇರ್ಪಡಿಸಿ ತೆಳ್ಳಗಿನ ಪದರ ಮಾಡುತ್ತಾರೆ. ಓದಲಾಗದ ಸ್ಲೈಡುಗಳು ಕಡಿಮೆಯಾಗುತ್ತವೆ. ಇನ್ನೊಂದು ದೊಡ್ಡ ಅನುಕೂಲವಿದೆ: ಅದೇ ಸೀಸೆಯ ದ್ರವದಿಂದ ಎಚ್‌ಪಿವಿ ಟೆಸ್ಟನ್ನೂ ಮಾಡಬಹುದು, ಮತ್ತೊಮ್ಮೆ ಟೇಬಲ್ ಏರಬೇಕಿಲ್ಲ. ಹಾಗೆಂದು ಎಲ್‌ಬಿಸಿಯೇ ವೈರಸ್ ಟೆಸ್ಟ್ ಅಂದುಕೊಳ್ಳಬೇಡಿ. ಎಲ್‌ಬಿಸಿ ಎಂದರೂ ಅದು ಪ್ಯಾಪೇ, ಓದುವುದು ಕಣ್ಣೇ. ಬಿಲ್ಲಿನಲ್ಲಿ ಎಲ್‌ಬಿಸಿ ಎಂದಷ್ಟೇ ಇದ್ದರೆ ಎಚ್‌ಪಿವಿ ಆಗಿಲ್ಲ ಎಂದು ತಿಳಿಯಿರಿ.

ಎಚ್‌ಪಿವಿ: ಯಂತ್ರದ ಕೆಲಸ

ಗರ್ಭಕಂಠದ ಕ್ಯಾನ್ಸರಿಗೂ ಈ ವೈರಸ್ಸಿಗೂ ಇರುವ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಎಚ್‌ಪಿವಿಯಲ್ಲಿ ನೂರಕ್ಕೂ ಹೆಚ್ಚು ತಳಿಗಳಿವೆ. ತಪಾಸಣೆಯ ಟೆಸ್ಟುಗಳು ಸಾಮಾನ್ಯವಾಗಿ 14 ಅಪಾಯದ ತಳಿಗಳನ್ನು ಹುಡುಕುತ್ತವೆ. ಅವುಗಳಲ್ಲೂ 16 ಮತ್ತು 18 ಎಂಬ ಎರಡೇ ಸೇರಿ ಈ ಕ್ಯಾನ್ಸರಿನ ನೂರರಲ್ಲಿ ಸುಮಾರು 70ಕ್ಕೆ ಕಾರಣ. 6, 11 ಎಂಬ ತಳಿಗಳು ಗುಪ್ತಾಂಗದಲ್ಲಿ ನರುಳಿ ಎಬ್ಬಿಸುತ್ತವೆ, ಕ್ಯಾನ್ಸರ್ ತರುವುದಿಲ್ಲ. ಅವನ್ನು ಹುಡುಕಲು ದುಡ್ಡು ಕೊಡಬೇಡಿ.

ಮಾದರಿ ತೆಗೆಯುವ ರೀತಿ ಹೆಚ್ಚುಕಡಿಮೆ ಪ್ಯಾಪ್‌ನಂತೆಯೇ. ವ್ಯತ್ಯಾಸವಿರುವುದು ಲ್ಯಾಬಿನಲ್ಲಿ. ಯಂತ್ರ ವೈರಸ್ಸಿನ ಡಿಎನ್‌ಎಯನ್ನು ಹುಡುಕುತ್ತದೆ, ಹೆಚ್ಚಿನವು ಪಿಸಿಆರ್ ವಿಧಾನದಲ್ಲಿ. ಕೋವಿಡ್ ಕಾಲದಲ್ಲಿ ಈ ಹೆಸರು ಎಲ್ಲರ ಬಾಯಲ್ಲೂ ಇತ್ತು. ಯಂತ್ರಕ್ಕೆ ದಣಿವಿಲ್ಲ, ಕಣ್ಣಿನ ಅಭಿಪ್ರಾಯದ ಮಾತಿಲ್ಲ. ಕ್ಯಾನ್ಸರಿಗೆ ತಿರುಗಬಲ್ಲ ಗಂಭೀರ ಬದಲಾವಣೆ ಇರುವ ನೂರು ಹೆಂಗಸರಲ್ಲಿ ಎಚ್‌ಪಿವಿ ಟೆಸ್ಟ್ ತೊಂಬತ್ತಕ್ಕೂ ಹೆಚ್ಚು ಜನರನ್ನು ಹಿಡಿಯುತ್ತದೆ. ಒಂದು ಸಲದ ಪ್ಯಾಪ್ ಹಿಡಿಯುವುದು ಇದಕ್ಕಿಂತ ಬಹಳ ಕಡಿಮೆ, ಅದೂ ಲ್ಯಾಬಿನಿಂದ ಲ್ಯಾಬಿಗೆ ಏರುಪೇರು.

ಎಚ್‌ಪಿವಿಗೂ ಒಂದು ಕುಂದಿದೆ, ಅದನ್ನು ಮುಚ್ಚಿಡಬಾರದು. ವೈರಸ್ ಇದೆ ಎಂದು ಹೇಳುತ್ತದೆಯೇ ಹೊರತು ಅದು ಕೇಡು ಮಾಡಿದೆಯೇ ಎಂದು ಹೇಳುವುದಿಲ್ಲ. ಸೋಂಕು ತಗುಲಿದವರಲ್ಲಿ ಬಹುಪಾಲು ಜನರ ಮೈಯೇ ಒಂದೆರಡು ವರ್ಷದಲ್ಲಿ ವೈರಸ್ಸನ್ನು ಅಡಗಿಸಿಬಿಡುತ್ತದೆ. ಇಪ್ಪತ್ತರ ಹರೆಯದಲ್ಲಿ ಇಂಥ ಬಂದುಹೋಗುವ ಸೋಂಕು ಬಹಳ. ಆಗ ಈ ಟೆಸ್ಟ್ ಮಾಡಿಸಿದರೆ ಅನೇಕರಿಗೆ ಪಾಸಿಟಿವ್ ಬಂದು, ಸುಮ್ಮನೆ ಹೆದರಿಕೆ, ಸುಮ್ಮನೆ ಓಡಾಟ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಎಚ್‌ಪಿವಿ ಡಿಎನ್‌ಎ ಟೆಸ್ಟನ್ನು ಮೊದಲ ಆಯ್ಕೆ ಎಂದು ಹೇಳುವಾಗ ಮೂವತ್ತನೆಯ ವಯಸ್ಸಿನಿಂದ, ಐದರಿಂದ ಹತ್ತು ವರ್ಷಕ್ಕೊಮ್ಮೆ ಎಂದದ್ದು ಈ ಕಾರಣಕ್ಕೇ. ಎಚ್‌ಐವಿ ಇರುವವರು ಮಾತ್ರ ಇಪ್ಪತ್ತೈದರಿಂದಲೇ ಶುರುಮಾಡಿ, ಮೂರರಿಂದ ಐದು ವರ್ಷಕ್ಕೊಮ್ಮೆ ಮಾಡಿಸಬೇಕು.

ನನ್ನ ಮನಸ್ಸು ತಿರುಗಿಸಿದ ಉಸ್ಮಾನಾಬಾದ್

ನಮ್ಮ ಬೀದರ್, ಕಲಬುರಗಿಗೆ ಅಂಟಿಕೊಂಡ ಮಹಾರಾಷ್ಟ್ರದ ಜಿಲ್ಲೆ ಉಸ್ಮಾನಾಬಾದ್, ಈಗ ಧಾರಾಶಿವ. ಅಲ್ಲಿನ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರನ್ನು ಸಂಶೋಧಕರು ಊರುಗುಂಪುಗಳ ಪ್ರಕಾರ ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಎಚ್‌ಪಿವಿ, ಒಂದಕ್ಕೆ ಪ್ಯಾಪ್, ಒಂದಕ್ಕೆ ವಿಐಎ, ಉಳಿದ ಪಾಲಿಗೆ ಎಂದಿನ ಆರೈಕೆ. ಒಂದೇ ಒಂದು ಸಲದ ತಪಾಸಣೆ. ಎಂಟು ವರ್ಷ ಕಾದು ನೋಡಿದರು. 2009ರಲ್ಲಿ ಬಂದ ಫಲಿತಾಂಶ ನಮ್ಮಂಥ ಸ್ಲೈಡ್ ಓದುವವರಿಗೆ ನುಂಗಲು ಕಷ್ಟದ್ದು. ಎಚ್‌ಪಿವಿ ಮಾಡಿಸಿಕೊಂಡ ಪಾಲಿನಲ್ಲಿ ಈ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಪ್ಯಾಪ್ ಪಾಲಿನಲ್ಲೂ ವಿಐಎ ಪಾಲಿನಲ್ಲೂ ಎದ್ದು ಕಾಣುವ ಇಳಿಕೆ ಇರಲಿಲ್ಲ. ಪ್ಯಾಪ್ ಅಥವಾ ವಿಐಎಯಲ್ಲಿ ನೆಗೆಟಿವ್ ಬಂದವರಲ್ಲಿ ಮುಂದೆ ಕ್ಯಾನ್ಸರ್ ಆದ ಪ್ರಮಾಣ, ಎಚ್‌ಪಿವಿ ನೆಗೆಟಿವ್ ಬಂದವರಲ್ಲಿ ಆದದ್ದಕ್ಕಿಂತ ನಾಲ್ಕು ಪಟ್ಟಿಗೂ ಮೇಲಿತ್ತು.

ಪ್ಯಾಪ್ ಕೆಲಸಕ್ಕೆ ಬಾರದ್ದು ಎಂದು ಇದರರ್ಥವಲ್ಲ. ಫಿನ್ಲೆಂಡಿನಲ್ಲಿ 1960ರ ದಶಕದಿಂದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಕರೆ ಕಳಿಸಿ, ಪ್ಯಾಪ್ ಮಾಡಿ, ಈ ಕ್ಯಾನ್ಸರನ್ನೇ ಬಹುಮಟ್ಟಿಗೆ ಹಿಮ್ಮೆಟ್ಟಿಸಿದರು. ಮುಂಬಯಿಯ ಕೊಳೆಗೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ವಿಐಎ ಮಾಡಿದಾಗ ಸಾವು ಶೇಕಡಾ 31 ಇಳಿದದ್ದು 2014ರ ವರದಿಯಲ್ಲಿದೆ. ಒಂದು ಸಲ ತಪ್ಪಿಸಿಕೊಂಡದ್ದು ಮುಂದಿನ ಸಲ ಸಿಕ್ಕಿಬೀಳುತ್ತದೆ. ಪ್ಯಾಪ್‌ನ ಶಕ್ತಿಯೆಲ್ಲ ಮತ್ತೆ ಮತ್ತೆ ಮಾಡಿಸುವುದರಲ್ಲಿದೆ.

ಆದರೆ ನಮ್ಮಲ್ಲಿ ಮತ್ತೆ ಮತ್ತೆ ಯಾರು ಬರುತ್ತಾರೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇಕಡಾ 1.9. ನೂರಕ್ಕೆ ಇಬ್ಬರೂ ಇಲ್ಲ. 2022ರ ಅಂದಾಜಿನಂತೆ ದೇಶದಲ್ಲಿ ಒಂದು ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, 80 ಸಾವಿರದಷ್ಟು ಜನ ತೀರಿಕೊಂಡರು. ಮೊದಲೇ ಗೊತ್ತಾದರೆ ತಡೆಯಬಹುದಾದ ಕ್ಯಾನ್ಸರ್ ಇದು. ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ಬರುವ ಹೆಂಗಸಿಗೆ, ಒಂದೇ ಸಲದಲ್ಲಿ ಹೆಚ್ಚು ಭರವಸೆ ಕೊಡುವ ಪರೀಕ್ಷೆಯೇ ನ್ಯಾಯವಾದದ್ದು. ನನ್ನ ವಾದ ಇಷ್ಟೇ.

ಹಾಗಾದರೆ ಪ್ಯಾಪ್ ಮೂಲೆಗೆ ಬಿತ್ತೇ? ಇಲ್ಲ, ಅದರ ಸರದಿ ಎರಡನೆಯದಾಯಿತು. ಆಸ್ಟ್ರೇಲಿಯ 2017ರ ಡಿಸೆಂಬರಿನಲ್ಲಿ ಮೊದಲ ಪರೀಕ್ಷೆಯಾಗಿ ಎಚ್‌ಪಿವಿಗೆ ಬದಲಾಯಿತು, ಇಂಗ್ಲೆಂಡ್ 2019ರಲ್ಲಿ. ಅಲ್ಲಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಮನೆಗೇ ಕರೆ ಬರುತ್ತದೆ, ದಯವಿಟ್ಟು ಅದನ್ನು ಪಕ್ಕಕ್ಕಿಡಬೇಡಿ. ಕೊಟ್ಟ ಮಾದರಿಯಲ್ಲಿ ಮೊದಲು ವೈರಸ್ ಹುಡುಕುತ್ತಾರೆ. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇದ್ದರೆ ಮಾತ್ರ ಜೀವಕೋಶಗಳನ್ನು ಕಣ್ಣಿಟ್ಟು ನೋಡುತ್ತಾರೆ. ಹೀಗೆ ಮಾಡಿದಾಗ ನಮ್ಮ ಮುಂದೆ ಬರುವ ಸ್ಲೈಡ್ ಕಡಿಮೆಯಾಗುತ್ತದೆ. ಬಂದ ಪ್ರತಿಯೊಂದನ್ನೂ ಇದು ವೈರಸ್ ಇರುವವಳದು ಎಂಬ ಎಚ್ಚರದಿಂದ, ನಿಧಾನವಾಗಿ ಓದಬಹುದು.

ವಯಸ್ಸಿನ ಲೆಕ್ಕ

ಇಪ್ಪತ್ತೈದರಿಂದ ಇಪ್ಪತ್ತೊಂಬತ್ತರೊಳಗಿನವರು, ಮದುವೆಯಾಗಿ ಅಥವಾ ಸಂಪರ್ಕ ಶುರುವಾಗಿ ಕೆಲವು ವರ್ಷವಾಗಿದ್ದರೆ, ಪ್ಯಾಪ್ ಸಾಕು, ಮೂರು ವರ್ಷಕ್ಕೊಮ್ಮೆ. ಮೂವತ್ತರಿಂದ ಎಚ್‌ಪಿವಿ, ಐದು ವರ್ಷಕ್ಕೊಮ್ಮೆ. ಖಾಸಗಿ ಆಸ್ಪತ್ರೆಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡುವ ಕೋ-ಟೆಸ್ಟಿಂಗ್ ಪ್ಯಾಕೇಜ್ ಇರುತ್ತದೆ. ತಪ್ಪಲ್ಲ, ಆದರೆ ಎಚ್‌ಪಿವಿ ಒಂದರಿಂದ ಸಿಗುವ ಭರವಸೆಗೆ ಪ್ಯಾಪ್ ಸೇರಿಸಿದರೆ ಹೆಚ್ಚುವುದು ಸ್ವಲ್ಪವೇ. ದುಡ್ಡು ನೋಡಿಕೊಂಡು ಮಾಡುವವರು ಎಚ್‌ಪಿವಿ ಒಂದನ್ನೇ ಮಾಡಿಸಿ, ಉಳಿದ ದುಡ್ಡಲ್ಲಿ ನೆಗೆಣ್ಣಿಯನ್ನೋ ನಾದಿನಿಯನ್ನೋ ಕರೆದುಕೊಂಡು ಹೋಗಿ. ವರ್ಷಕ್ಕೊಮ್ಮೆ ಪ್ಯಾಪ್ ಮಾಡಿಸಿ ಎನ್ನುವವರ ಮಾತಿಗೂ ಗಾಬರಿಯಾಗಬೇಡಿ. ಹಿಂದಿನ ರಿಪೋರ್ಟ್ ಸರಿಯಿದ್ದು ಬೇರೆ ಕಾರಣವಿಲ್ಲದಿದ್ದರೆ ಅದರ ಅಗತ್ಯವಿಲ್ಲ.

ಎಚ್‌ಪಿವಿ ಟೆಸ್ಟ್ ಪ್ಯಾಪ್‌ಗಿಂತ ದುಬಾರಿ ನಿಜ. ಬೆಲೆ ಊರಿಂದ ಊರಿಗೆ, ಲ್ಯಾಬಿನಿಂದ ಲ್ಯಾಬಿಗೆ ಬಹಳ ಬದಲಾಗುತ್ತದೆ, ಆದ್ದರಿಂದ ಎರಡು ಮೂರು ಕಡೆ ಫೋನ್ ಮಾಡಿ ಕೇಳಿ. ಲೆಕ್ಕ ಹಾಕುವಾಗ ಹದಿನೈದು ವರ್ಷಕ್ಕೆ ಹಾಕಿ: ಪ್ಯಾಪ್ ಐದು ಸಲ, ಎಚ್‌ಪಿವಿ ಮೂರು ಸಲ. ಹೋಗಿಬರುವ ಬಸ್ಸಿನ ಖರ್ಚು, ಬಿಟ್ಟ ಕೂಲಿಯನ್ನೂ ಸೇರಿಸಿ.

ಹೋಗುವ ಮುಂಚೆ, ಟೇಬಲ್ಲಿನ ಮೇಲೆ

ಮುಟ್ಟಿನ ದಿನ ಬಿಟ್ಟು ಹೋಗಿ. ಮುಟ್ಟು ನಿಂತು ಐದಾರು ದಿನವಾಗಿದ್ದರೆ ಒಳ್ಳೆಯದು. ಎರಡು ದಿನ ಮುಂಚಿನಿಂದ ಸಂಪರ್ಕ ಬೇಡ, ಒಳಗೆ ನೀರು ಹಾಕಿ ತೊಳೆಯುವುದು ಬೇಡ, ಒಳಗಿಡುವ ಮಾತ್ರೆ, ಮುಲಾಮು ಬೇಡ. ಶುಚಿಯಾಗಿ ಹೋಗಬೇಕೆಂದು ಬೆಳಿಗ್ಗೆ ಸೋಪು ಹಾಕಿ ಒಳಗೆಲ್ಲ ತೊಳೆದುಕೊಂಡು ಬರುವವರು ಬಹಳ ಮಂದಿ. ಅದರಿಂದ ಬೇಕಾದ ಜೀವಕೋಶಗಳೇ ತೊಳೆದುಹೋಗುತ್ತವೆ. ಹೊರಗೆ ಸ್ನಾನ ಮಾಡಿದರೆ ಸಾಕು. ಉಪವಾಸ ಬೇಡ, ಉಂಡು ಹೋಗಿ. ಲಂಗವಿರುವ ಸೀರೆ ಅಥವಾ ಸಡಿಲ ಚೂಡಿದಾರ ಉಟ್ಟರೆ ಅನುಕೂಲ. ಮೂತ್ರ ಮಾಡಿ ಟೇಬಲ್ ಏರಿ.

ಸ್ಪೆಕ್ಯುಲಮ್ ಇಡುವಾಗ ಬಿಗಿದುಕೊಂಡರೆ ನೋವಾಗುತ್ತದೆ. ಬಾಯಿಂದ ನಿಧಾನ ಉಸಿರು ಬಿಟ್ಟು, ಪೃಷ್ಠವನ್ನು ಟೇಬಲ್ಲಿಗೆ ಊರಿ. ಕಿರಿಕಿರಿ ಇರುತ್ತದೆ, ಕೆಲವೇ ನಿಮಿಷ. ಸಣ್ಣ ಅಳತೆಯ ಸ್ಪೆಕ್ಯುಲಮ್ ಕೇಳುವ ಹಕ್ಕು ನಿಮಗಿದೆ. ಡಾಕ್ಟರು ಗಂಡಸಾದರೆ ನರ್ಸ್ ಪಕ್ಕದಲ್ಲಿರಬೇಕೆಂದು ಕೇಳುವ ಹಕ್ಕೂ ಇದೆ. ಪರದೆ ಎಳೆಯಿರಿ, ಬಾಗಿಲು ಹಾಕಿ ಎಂದು ಬಾಯಿಬಿಟ್ಟು ಹೇಳಿ. ಆ ದಿನ ಒಂದೆರಡು ಹನಿ ರಕ್ತ ಕಂಡರೆ ಹೆದರಬೇಡಿ.

ಮುಟ್ಟು ನಿಂತವರಿಗೆ ಒಂದು ಮಾತು. ವಯಸ್ಸಾದಂತೆ ಒಳಗೆ ಒಣಗುತ್ತದೆ, ಪ್ಯಾಪ್‌ನಲ್ಲಿ ಜೀವಕೋಶ ಸಾಲದೆ ಹೋಗಬಹುದು. ಪರೀಕ್ಷಿಸಬೇಕಾದ ಜಾಗ ಗರ್ಭಕಂಠದ ಒಳಗಡೆ ಸರಿದುಕೊಳ್ಳುವುದರಿಂದ ವಿಐಎ ನೆಚ್ಚಿಕೊಳ್ಳುವಂತಿರುವುದಿಲ್ಲ. ಈ ವಯಸ್ಸಿನವರಿಗಂತೂ ಎಚ್‌ಪಿವಿಯೇ ಸರಿ.

ಟೇಬಲ್ ಏರುವ ನಾಚಿಕೆಗೇ ತಪಾಸಣೆ ಬಿಟ್ಟವರಿಗೆ ಎಚ್‌ಪಿವಿಯಲ್ಲಿ ಇನ್ನೊಂದು ದಾರಿಯಿದೆ: ಮಾದರಿಯನ್ನು ನೀವೇ ತೆಗೆದುಕೊಳ್ಳಬಹುದು. ಕೊಟ್ಟ ಬ್ರಷ್ಷನ್ನು ಮುಟ್ಟಿನ ದಾರಿಯಲ್ಲಿ ಬೆರಳುದ್ದ ಒಳಗಿಟ್ಟು, ಕಿಟ್ಟಿನಲ್ಲಿ ಹೇಳಿದಷ್ಟು ಸಲ ತಿರುಗಿಸಿ, ತೆಗೆದು ಟ್ಯೂಬಿಗೆ ಹಾಕುವುದು. ಪಿಸಿಆರ್ ಟೆಸ್ಟಿನಲ್ಲಿ ಇದರ ಫಲಿತಾಂಶ ವೈದ್ಯರು ತೆಗೆದ ಮಾದರಿಯಷ್ಟೇ ನಂಬುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಪ್ಯಾಪ್‌ನಲ್ಲಿ ಈ ಅನುಕೂಲವಿಲ್ಲ, ಗರ್ಭಕಂಠವನ್ನು ಕಣ್ಣಾರೆ ಕಂಡೇ ಕೆರೆಯಬೇಕು. ಆದರೆ ಸ್ವಂತ ಮಾದರಿಯಲ್ಲಿ ಪಾಸಿಟಿವ್ ಬಂದರೆ ಮುಂದಿನ ಪರೀಕ್ಷೆಗೆ ಟೇಬಲ್ ಏರಲೇಬೇಕು, ಆಗ ಹಿಂಜರಿಯಬಾರದು.

ಬಿಲ್ ಮಾಡಿಸುವ ಮುಂಚೆ ಕೌಂಟರಿನಲ್ಲಿ ಕೇಳಿ: ಇದು ಅಪಾಯದ ತಳಿಗಳ ಎಚ್‌ಪಿವಿ ಟೆಸ್ಟೇ? 16 ಮತ್ತು 18ನ್ನು ಬೇರೆಯಾಗಿ ಹೇಳುತ್ತೀರಾ? ಪಾಸಿಟಿವ್ ಬಂದರೆ ಇದೇ ಮಾದರಿಯಿಂದ ಪ್ಯಾಪ್ ನೋಡುತ್ತೀರಾ? ರಿಪೋರ್ಟ್ ಯಾವಾಗ, ಯಾರ ಕೈಗೆ? ರಕ್ತದಿಂದ ಎಚ್‌ಪಿವಿ ತಪಾಸಣೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ, ಗರ್ಭಕಂಠದ ಕ್ಯಾನ್ಸರಿಗೆ ಹಾಗೆ ತಪಾಸಣೆ ಮಾಡುವುದಿಲ್ಲ.

ರಿಪೋರ್ಟ್ ಓದುವುದು

ಪ್ಯಾಪ್ ರಿಪೋರ್ಟಿನಲ್ಲಿ ಮೊದಲು 'ಸ್ಯಾಟಿಸ್‌ಫ್ಯಾಕ್ಟರಿ' ಎಂದಿದೆಯೇ ನೋಡಿ. 'ಅನ್‌ಸ್ಯಾಟಿಸ್‌ಫ್ಯಾಕ್ಟರಿ' ಎಂದಿದ್ದರೆ ಅದು ನಾರ್ಮಲ್ ಅಲ್ಲ, ಪರೀಕ್ಷೆಯೇ ಆಗಿಲ್ಲ ಎಂದರ್ಥ, ಎರಡರಿಂದ ನಾಲ್ಕು ತಿಂಗಳಲ್ಲಿ ಮತ್ತೆ ಮಾಡಿಸಬೇಕು. 'ಎನ್‌ಐಎಲ್‌ಎಂ' ಎಂದರೆ ಕ್ಯಾನ್ಸರಿನ ಅಥವಾ ಅದರ ಮುಂಚಿನ ಬದಲಾವಣೆ ಕಂಡಿಲ್ಲ. ಅದರ ಕೆಳಗೆ 'ಇನ್‌ಫ್ಲಮೇಶನ್' ಎಂದು ಬರೆದಿರುವುದು ನಮ್ಮಲ್ಲಿ ಬಹಳ ಸಾಮಾನ್ಯ. ಉರಿಯೂತ ಅಷ್ಟೇ. ಈ ಒಂದು ಪದ ಹಿಡಿದುಕೊಂಡು ಅತ್ತವರನ್ನು ನೋಡಿದ್ದೇನೆ. ಅಳಬೇಡಿ, ಅದು ಕ್ಯಾನ್ಸರಿನ ಮೊದಲ ಹೆಜ್ಜೆಯಲ್ಲ.

'ಎಎಸ್‌ಸಿ-ಯುಎಸ್' ಎಂದರೆ ಓದಿದವರಿಗೆ ಅನುಮಾನ ಬಂದಿದೆ, ಖಚಿತವಿಲ್ಲ. ಇಲ್ಲಿ ಎಚ್‌ಪಿವಿ ಟೆಸ್ಟ್ ಮಾಡಿಸುವುದೇ ಜಾಣತನ, ವೈರಸ್ ಇಲ್ಲದಿದ್ದರೆ ನಿಶ್ಚಿಂತೆ. 'ಎಲ್‌ಎಸ್‌ಐಎಲ್' ಸೌಮ್ಯ ಬದಲಾವಣೆ, ಬಹಳಷ್ಟು ತಾನಾಗಿಯೇ ಸರಿಹೋಗುತ್ತದೆ, ಆದರೂ ವೈದ್ಯರು ಹೇಳಿದ ಕಾಲ್ಪಾಸ್ಕೊಪಿ (ಅದೇನೆಂದು ಕೆಳಗೆ ಹೇಳಿದ್ದೇನೆ) ತಪ್ಪಿಸಬೇಡಿ. 'ಎಚ್‌ಎಸ್‌ಐಎಲ್' (ಗಂಭೀರ ಬದಲಾವಣೆ) ಅಥವಾ 'ಎಜಿಸಿ' (ಗ್ರಂಥಿಯ ಜೀವಕೋಶಗಳಲ್ಲಿ ಅಸಹಜತೆ) ಎಂದಿದ್ದರೆ ಮದುವೆ, ಜಾತ್ರೆ, ಸುಗ್ಗಿ ಮುಗಿಯಲಿ ಎನ್ನಬೇಡಿ. ಆ ವಾರವೇ ಕಾಲ್ಪಾಸ್ಕೊಪಿ ಇರುವ ಆಸ್ಪತ್ರೆ ಹುಡುಕಿ. ಕ್ಯಾನ್ಸರ್ ಆಗಿದೆ ಎಂದಲ್ಲ, ತಡೆಯಲು ಇದೇ ಹೊತ್ತು.

ಎಚ್‌ಪಿವಿ ರಿಪೋರ್ಟ್ ಓದುವುದು ಸುಲಭ. 'ನಾಟ್ ಡಿಟೆಕ್ಟೆಡ್' ಎಂದರೆ ಐದು ವರ್ಷ ನಿರಾಳ. 'ಇನ್‌ವ್ಯಾಲಿಡ್' ಎಂದರೆ ಮಾದರಿ ಸಾಲಲಿಲ್ಲ, ಮತ್ತೆ ಕೊಡಿ. 16 ಅಥವಾ 18 'ಡಿಟೆಕ್ಟೆಡ್' ಆದರೆ ಪ್ಯಾಪ್ ಸರಿಯಿದ್ದರೂ ನೇರ ಕಾಲ್ಪಾಸ್ಕೊಪಿಗೆ ಹೋಗಿ. 'ಅದರ್ ಹೈ ರಿಸ್ಕ್' ಎಂದರೆ ಉಳಿದ ತಳಿಗಳು. ಆಗ ಪ್ಯಾಪ್ ನೋಡುತ್ತಾರೆ, ಅದರಲ್ಲಿ ಬದಲಾವಣೆಯಿದ್ದರೆ ಕಾಲ್ಪಾಸ್ಕೊಪಿ. ಇಲ್ಲದಿದ್ದರೆ ಒಂದು ವರ್ಷ ಬಿಟ್ಟು ಮತ್ತೆ ಎಚ್‌ಪಿವಿ. ಕಾಲ್ಪಾಸ್ಕೊಪಿ ಎಂದರೆ ಆಪರೇಷನ್ ಅಲ್ಲ, ಗರ್ಭಕಂಠವನ್ನು ದೊಡ್ಡದಾಗಿ ಕಾಣಿಸುವ ಉಪಕರಣದಿಂದ ನೋಡುವುದು. ಅನುಮಾನ ಬಂದರೆ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಹುಬ್ಬಳ್ಳಿ ಕಡೆಯವರು ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ದಕ್ಷಿಣದವರು ಬೆಂಗಳೂರಿನ ಕಿದ್ವಾಯಿಯಲ್ಲಿ ವಿಚಾರಿಸಬಹುದು.

ಪಾಸಿಟಿವ್ ಬಂದಾಗ ಮನೆಯಲ್ಲಿ ಏಳುವ ಮಾತು

"ಬಾಯಾರ, ನಮ್ಮ ಮನಿಯವರು ಅಂಥವರಲ್ಲ್ರಿ, ನಾನೂ ಅಂಥಾಕಿ ಅಲ್ಲ. ಇದು ಎಲ್ಲಿಂದ ಬಂತು?" ಈ ಪ್ರಶ್ನೆಗೆ ಹೆದರಿ ರಿಪೋರ್ಟನ್ನೇ ಟ್ರಂಕಿನಲ್ಲಿ ಬಚ್ಚಿಟ್ಟವರಿದ್ದಾರೆ. ದಯವಿಟ್ಟು ಕೇಳಿಸಿಕೊಳ್ಳಿ. ಎಚ್‌ಪಿವಿ ಎಷ್ಟು ಸಾಮಾನ್ಯವೆಂದರೆ ಸಂಸಾರ ಮಾಡುವ ಬಹುಪಾಲು ಜನರಿಗೆ, ಗಂಡು ಹೆಣ್ಣೆನ್ನದೆ, ಬದುಕಿನಲ್ಲಿ ಒಮ್ಮೆಯಾದರೂ ತಗುಲುತ್ತದೆ. ತಗುಲಿದ್ದು ಸದ್ದಿಲ್ಲದೆ ಅಡಗಿದ್ದು ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳಬಹುದು. ಯಾರಿಂದ, ಯಾವಾಗ ಎಂದು ಯಾವ ಲ್ಯಾಬೂ ಹೇಳಲಾರದು. ಈ ರಿಪೋರ್ಟ್ ಯಾರ ನಡತೆಗೂ ಸಾಕ್ಷಿಯಲ್ಲ. ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಇದನ್ನು ಹೇಳಿಸಿ.

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು ಬೇರೊಂದು. ಬಿಳಿ ಹೋಗುತ್ತದೆ ಎಂದು ಬಂದವಳಿಗೆ ಅಥವಾ ಪಾಸಿಟಿವ್ ಬಂದವಳಿಗೆ "ಮುಂದೆ ಕ್ಯಾನ್ಸರ್ ಆಗುತ್ತದೆ, ಗರ್ಭಕೋಶ ತೆಗೆಸಿಬಿಡು" ಎಂದು ಹೆದರಿಸುವುದು. ಬರಿ ವೈರಸ್ಸಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಬರಿ ವೈರಸ್ಸಿಗೆ ಮಾತ್ರೆಯೂ ಇಲ್ಲ, ಕಾದು ಮರುಪರೀಕ್ಷೆ ಮಾಡುವುದೇ ಕ್ರಮ. ಬಯಾಪ್ಸಿಯಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಖಚಿತವಾದರೂ ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಸುಡುವ, ಹೆಪ್ಪುಗಟ್ಟಿಸುವ ಅಥವಾ ಲೀಪ್ ತಂತಿಯಿಂದ ಕತ್ತರಿಸಿ ತೆಗೆಯುವ ಚಿಕಿತ್ಸೆ ಸಾಕು. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಗರ್ಭಕೋಶ ತೆಗೆಯಬೇಕು ಎಂದರೆ ಬಯಾಪ್ಸಿ ರಿಪೋರ್ಟ್ ಕೇಳಿ, ಅದನ್ನು ಹಿಡಿದು ಇನ್ನೊಬ್ಬ ವೈದ್ಯರನ್ನು ಕಾಣಿ.

ಈಗಾಗಲೇ ಗರ್ಭಕೋಶ ತೆಗೆಸಿಕೊಂಡವರು ಡಿಸ್‌ಚಾರ್ಜ್ ಕಾಗದ ತೆಗೆದು ನೋಡಿ. 'ಟೋಟಲ್' ಎಂದಿದ್ದರೆ ಗರ್ಭಕಂಠವೂ ಹೋಗಿದೆ. ಗಂಭೀರ ಬದಲಾವಣೆಯ ಹಿನ್ನೆಲೆ ಇಲ್ಲದಿದ್ದರೆ ಈ ತಪಾಸಣೆ ಬೇಕಿಲ್ಲ. 'ಸಬ್‌ಟೋಟಲ್' ಎಂದಿದ್ದರೆ ಗರ್ಭಕಂಠ ಉಳಿದಿದೆ, ತಪಾಸಣೆ ಬೇಕು. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೂ ಮುಂದೆ ತಪಾಸಣೆ ಬೇಕೇ ಬೇಕು, ಲಸಿಕೆ ಎಲ್ಲ ತಳಿಗಳನ್ನೂ ತಡೆಯುವುದಿಲ್ಲ.

ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಕೆಟ್ಟ ವಾಸನೆಯ ಬಿಳುಪು: ಇವುಗಳಲ್ಲಿ ಒಂದು ಕಂಡರೂ ಪ್ಯಾಪೋ ಎಚ್‌ಪಿವಿಯೋ ಎಂದು ಯೋಚಿಸುತ್ತ ಕೂರಬೇಡಿ, ಕಳೆದ ವರ್ಷದ ರಿಪೋರ್ಟ್ ನೆಗೆಟಿವ್ ಇತ್ತು ಎಂದು ಸುಮ್ಮನಿರಬೇಡಿ. ನೇರವಾಗಿ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಗರ್ಭಕಂಠವನ್ನು ಕಣ್ಣಾರೆ ನೋಡಿಸಿ. ಯಾವ ಲಕ್ಷಣವೂ ಇಲ್ಲದವರು ಎಚ್‌ಪಿವಿ ನೆಗೆಟಿವ್ ರಿಪೋರ್ಟನ್ನು ಜೋಪಾನವಾಗಿಟ್ಟು, ಮುಂದಿನ ತಪಾಸಣೆಯ ವರ್ಷವನ್ನು ಅದರ ಮೇಲೇ ಬರೆದಿಡಿ. ಅರವತ್ತೈದಕ್ಕೆ ಹಿಂದಿನ ಹತ್ತು ವರ್ಷದಲ್ಲಿ ಎರಡು ಸಲ ನೆಗೆಟಿವ್ ಬಂದಿದ್ದು, ಎರಡನೆಯದು ಕೊನೆಯ ಐದು ವರ್ಷದೊಳಗಿನದಾದರೆ, ವೈದ್ಯರಿಗೆ ಆ ಕಾಗದಗಳನ್ನು ತೋರಿಸಿ ತಪಾಸಣೆ ನಿಲ್ಲಿಸಬಹುದು.